ಜೀನ್ಸ್ ತುಂಡಿನ ಕೈಚೀಲ: ಹಿಡಿಕೆ ಕಿತ್ತು ಬರುತ್ತಿದೆ, ಅಸ್ತರ್ ಜೋತು ಬೀಳುತ್ತಿದೆ

ಬ್ಲೌಸ್ ಹೊಲಿಯುವಾಕೆ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಮನೆಯಲ್ಲೇ ಬ್ಲೌಸು, ಲಂಗ, ಮಕ್ಕಳ ಫ್ರಾಕು ಹೊಲಿಯುತ್ತೇನೆ. ತುಳಿಯುವ ಹಳೇ ಕಪ್ಪು ಮಷಿನ್ನು, ಅದಕ್ಕೇ ಮೋಟರ್ ಹಾಕಿಸಿಕೊಂಡಿದ್ದೇನೆ. ಬ್ಲೌಸಿಗೆ ತೋಳು ಕೂರಿಸುವುದು, ಕೊರಳಿಗೆ ಪೈಪಿಂಗ್ ಕೊಡುವುದು ಎಲ್ಲಾ ಕೈಗೆ ಬಂದಿದೆ. ಆದರೆ ಒಂದು ಕೈಚೀಲ ಮೂರು ವಾರದಿಂದ ಕಾಡುತ್ತಿದೆ.

ನಮ್ಮೂರಲ್ಲಿ ಜೀನ್ಸ್ ತುಂಡಿಗೆ ಬರ ಇಲ್ಲ, ನಿಮಗೇ ಗೊತ್ತು. ನನ್ನ ಮೈದುನ ಒಂದು ಕಟಿಂಗ್ ಯೂನಿಟ್ಟಿನಲ್ಲಿದ್ದಾನೆ. ಬಟ್ಟೆ ಹಾಸಿ ಕತ್ತರಿಸಿದ ಮೇಲೆ ಉಳಿಯುವ ತುಂಡು ಎರಡು ಕೆಜಿ ತಂದುಕೊಟ್ಟ. ಕಡು ನೀಲಿ, ಕೈಯಲ್ಲಿ ಹಿಡಿದರೆ ರಟ್ಟಿನ ಹಾಗೆ ನಿಲ್ಲುತ್ತದೆ. ಇದರಲ್ಲಿ ಅತ್ತೆಗೊಂದು ಗಟ್ಟಿ ಚೀಲ ಹೊಲಿಯೋಣ ಅಂದುಕೊಂಡೆ. ಅತ್ತೆ ದಿನಾ ಬೆಳಿಗ್ಗೆ ಕಾಯಿಪಲ್ಲೆ ತರಲು ನಡೆದೇ ಹೋಗುತ್ತಾರೆ. ಬಟ್ಟೆ ಅಂಗಡಿಯವರು ಕೊಡುವ ತೆಳು ಚೀಲ ಒಂದು ತಿಂಗಳೂ ಬಾಳುವುದಿಲ್ಲ.

15 ಇಂಚು ಅಗಲ, 16 ಇಂಚು ಉದ್ದ ಕತ್ತರಿಸಿದೆ. ಗಟ್ಟಿ ಇರಲಿ ಅಂತ ಕಾಲರಿನೊಳಗೆ ಕೊಡುವ ಬಿರುಸು ಬಟ್ಟೆ, ಬಕ್ರಂ, ಒಳಗೆ ಪೂರ್ತಿ ಕೊಟ್ಟೆ. ಅಸ್ತರಿಗೆ ಬ್ಲೌಸಿಗೆ ಹಾಕುವ ಲೈನಿಂಗ್ ಬಟ್ಟೆ, ತಿಳಿ ಹಳದಿ ಬಣ್ಣದ್ದು. ಹಿಡಿಕೆಯ ತುದಿಗಳನ್ನು ಜೀನ್ಸ್ ಮತ್ತು ಅಸ್ತರಿನ ನಡುವೆ ಇಟ್ಟು ಬಾಯಿ ಹೊಲಿದೆ. ನೋಡೋಕೆ ಬಹಳ ಚೆನ್ನಾಗಿ ಬಂದಿತ್ತು.

ಮೂರನೇ ದಿನ ಬಸ್ ಸ್ಟ್ಯಾಂಡಿನ ಹತ್ತಿರ ಹಿಡಿಕೆ ಕಿತ್ತು ಬಂತಂತೆ. ಉಳ್ಳಾಗಡ್ಡಿ, ಟೊಮೆಟೊ ಎಲ್ಲಾ ರಸ್ತೆ ಪಾಲು. ಅತ್ತೆ ಒಂದು ಮಾತೂ ಅನ್ನಲಿಲ್ಲ, ಚೀಲ ಮಡಿಚಿ ಮಷಿನ್ ಮೇಲೆ ಇಟ್ಟರು. ನನಗೆ ಅದೇ ಜಾಸ್ತಿ ಬೇಜಾರಾಯಿತು.

ಹಿಡಿಕೆ ಮತ್ತೆ ಹೊಲಿದು, ಚೀಲ ತೊಳೆದು ಒಣಗಿಸಿದೆ. ಈಗ ಅಸ್ತರ್ ಸಡಿಲ ಆಗಿ ಬಾಯಿಂದ ಹೊರಗೆ ಬರುತ್ತಿದೆ. ಹಳದಿ ಹೋಗಿ ಕೊಳೆ ನೀಲಿ ಆಗಿದೆ. ಬಕ್ರಂ ಒಳಗೇ ಮುದುರಿ ಗಂಟು ಗಂಟು. ಎರಡನೇ ಚೀಲ ಶುರು ಮಾಡಿದೆ, ಮೂಲೆಯ ದಪ್ಪದ ಹತ್ತಿರ ಎರಡು ಸೂಜಿ ಮುರಿದವು. ಮೈದುನ ಯೂನಿಟ್ಟಿನ ಸೂಜಿ ತಂದುಕೊಟ್ಟ, ಅದು ನನ್ನ ಮಷಿನ್ನಿಗೆ ಕೂರುತ್ತಲೇ ಇಲ್ಲ.

ಮನೆ ಮಷಿನ್ನಿನಲ್ಲಿ ನಿಜವಾಗಿ ಭಾರ ತಡೆಯುವ, ಅಸ್ತರ್ ಇರುವ ಚೀಲ ಹೊಲಿಯೋಕೆ ಆಗುತ್ತಾ? ಆಗುವುದಾದರೆ ನಾನು ಎಲ್ಲಿ ತಪ್ಪಿದೆ?

---

ತುಂಗಭದ್ರಾ ಎಡದಂಡೆ, ಸಿಂಧನೂರು

ಅಕ್ಕಾ, ಮೊದಲು ಒಂದು ಹೇಳಿ. ಹಿಡಿಕೆ ಕಿತ್ತಾಗ ಹರಿದಿದ್ದು ದಾರವಾ, ಬಟ್ಟೆಯಾ? ಆ ಜಾಗ ಹೇಗೆ ಕಾಣುತ್ತಿತ್ತು? ಅದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ.

---

ಬ್ಲೌಸ್ ಹೊಲಿಯುವಾಕೆ, ಬಳ್ಳಾರಿ

ಈಗ ಹಳೇ ತುಂಡು ತೆಗೆದು ನೋಡಿದೆ. ದಾರ ಹರಿದಿಲ್ಲ. ಹಿಡಿಕೆಯ ತುದಿಯಲ್ಲಿ ಹೊಲಿಗೆ ಹಾಗೇ ಇದೆ, ಅದಕ್ಕೆ ಅಂಟಿಕೊಂಡು ಜೀನ್ಸಿನ ಬಾಯಿಯ ಒಂದು ಎಳೆ ಪಟ್ಟಿ ಬಂದಿದೆ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೇರವಾಗಿ, ಹೊಲಿಗೆಯ ತೂತುಗಳ ಸಾಲಿನಲ್ಲೇ ಹರಿದಿದೆ. ಭದ್ರ ಇರಲಿ ಅಂತ ಅಲ್ಲಿ ಮೂರು ಸಲ ಹಿಂದೆ ಮುಂದೆ ಹೊಲಿದಿದ್ದೆ, ಬ್ಲೌಸಿಗೆ ಹಾಕುವ ಸಣ್ಣ ಹೊಲಿಗೆಯಲ್ಲೇ.

---

ಲೂಪ್ ಮಾಸ್ಟರ್, ಬಳ್ಳಾರಿ

ತಂಗೀ, ನಾನೂ ಬಳ್ಳಾರಿಯವನೇ. 26 ವರ್ಷ ಜೀನ್ಸ್ ಯೂನಿಟ್ಟುಗಳಲ್ಲಿ ಮಷಿನ್ ಮೇಲೆ ಕೂತಿದ್ದೇನೆ. ಅದರಲ್ಲಿ ಎಂಟು ವರ್ಷ ಬರೀ ಲೂಪ್ ಹಾಕುವ ಕೆಲಸ. ಸೊಂಟದ ಪಟ್ಟಿಯಲ್ಲಿ ಬೆಲ್ಟ್ ತೂರಿಸುತ್ತೇವಲ್ಲ, ಆ ಪುಟ್ಟ ಪಟ್ಟಿಗಳು. ಪ್ಯಾಂಟಿನಲ್ಲಿ ಅದಕ್ಕಿಂತ ಸಣ್ಣ ತುಂಡು ಇನ್ನೊಂದಿಲ್ಲ. ಆದರೆ ಜನ ಪ್ಯಾಂಟ್ ಮೇಲೇರಿಸುವಾಗ ಬೆರಳು ಹಾಕಿ ಎಳೆಯುವುದು ಅದನ್ನೇ. ಇಡೀ ಪ್ಯಾಂಟಿನ ಜಗ್ಗಾಟ ಅಷ್ಟೇ ಅಗಲದ ಜಾಗದಲ್ಲಿ ಬೀಳುತ್ತದೆ. ನಿಮ್ಮ ಹಿಡಿಕೆಯ ಕಥೆಯೂ ಅದೇ.

ನೀವು ಹಿಡಿಕೆಯ ತುದಿಯನ್ನು ಬಾಯಿಯ ಹೊಲಿಗೆಯಲ್ಲಿ ಸಿಕ್ಕಿಸಿದಿರಿ. ಅಂದರೆ ಅರ್ಧ ಇಂಚು ಬಟ್ಟೆ ಮಾತ್ರ ಹಿಡಿದುಕೊಂಡಿದೆ. ಆ ಅರ್ಧ ಇಂಚಿನಲ್ಲಿ ಸಣ್ಣ ಹೊಲಿಗೆ ಮೂರು ಸಲ. ಎರಡು ಮಿಲಿಮೀಟರ್ ಹೊಲಿಗೆ ಅಂದರೆ ಒಂದು ಇಂಚಿಗೆ 12 ತೂತು ಮೇಲೆಯೇ ಆಯಿತು. ಮೂರು ಸಲ ಓಡಿಸಿದರೆ ಲೆಕ್ಕ ಹಾಕಿಕೊಳ್ಳಿ. ಕ್ಯಾಲೆಂಡರ್ ಹಾಳೆ ಹರಿಯಲು ತೂತು ಮಾಡಿರುತ್ತಾರಲ್ಲ, ಹಾಗಾಯಿತು. ಭದ್ರ ಮಾಡಲು ಹೋಗಿ ನೀವೇ ಹರಿಯುವ ಗೆರೆ ಎಳೆದುಕೊಟ್ಟಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಬ್ಲೌಸಿನ ಕೈಗೆ ಸಣ್ಣ ಹೊಲಿಗೆಯೇ ಸರಿ ಅನಿಸುವುದು ಸಹಜ.

ದಪ್ಪ ಬಟ್ಟೆಗೆ ಹೊಲಿಗೆಯ ಉದ್ದ ಮೂರರಿಂದ ಮೂರೂವರೆ ಮಿಲಿಮೀಟರ್ ಇಡಿ. ಇಂಚಿಗೆ ಏಳೆಂಟು ಹೊಲಿಗೆ ಬಂದರೆ ಸಾಕು.

ಇನ್ನು ಹಿಡಿಕೆಗೆ ಬರೋಣ. ಅದಕ್ಕೂ ಮೊದಲು ತುಂಡಿನ ಹಾಸು (ನೇಯ್ಗೆಯ ಉದ್ದ ಎಳೆ) ಯಾವುದು, ಹೊಕ್ಕು (ಅಡ್ಡ ಎಳೆ) ಯಾವುದು ಅಂತ ತಿಳಿದುಕೊಳ್ಳಬೇಕು. ಯೂನಿಟ್ಟಿನ ತುಂಡಿಗೆ ಎಷ್ಟೋ ಸಲ ನೇಯ್ಗೆಯ ಅಂಚೇ ಇರುವುದಿಲ್ಲ. ಚಿಂತೆ ಬೇಡ. ಮೂಲೆಯಿಂದ ಒಂದು ಎಳೆ ಎಳೆದು ನೋಡಿ. ಜೀನ್ಸ್ ಬಟ್ಟೆಯಲ್ಲಿ ಹಾಸಿನ ಎಳೆಗೆ ಮಾತ್ರ ನೀಲಿ ಹಾಕಿರುತ್ತಾರೆ, ಹೊಕ್ಕಿನ ಎಳೆ ಬಿಳಿ. ಹಿಂಬದಿ ಬೆಳ್ಳಗೆ ಕಾಣುವುದು ಇದೇ ಕಾರಣಕ್ಕೆ. ನೀಲಿ ಎಳೆ ಯಾವ ಕಡೆಗೆ ಓಡುತ್ತದೋ ಹಿಡಿಕೆಯ ಉದ್ದ ಆ ಕಡೆಗೆ ಬರಬೇಕು. ಈಗಿನ ಜೀನ್ಸಿನಲ್ಲಿ ಹೊಕ್ಕಿಗೆ ಲೈಕ್ರಾ ಸೇರಿಸುವುದು ಬಹಳ. ಅಡ್ಡಕ್ಕೆ ಕತ್ತರಿಸಿದ ಹಿಡಿಕೆ ನಾಲ್ಕು ಕೆಜಿ ಹಾಕಿದರೆ ರಬ್ಬರಿನ ಹಾಗೆ ಜಗ್ಗುತ್ತದೆ. ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಎಳೆದು ನೋಡಿ. ಜಗ್ಗಿದರೆ ಅದನ್ನು ಚೀಲಕ್ಕೆ ಬಳಸಬೇಡಿ, ಬೇರೇನಾದರೂ ಮಾಡಿ.

ಹಿಡಿಕೆಗೆ ನಾಲ್ಕು ಇಂಚು ಅಗಲ, 26 ಇಂಚು ಉದ್ದದ ಎರಡು ಪಟ್ಟಿ. ಎರಡೂ ಅಂಚು ನಡುವಿಗೆ ಮಡಿಚಿ, ಮತ್ತೆ ಅರ್ಧಕ್ಕೆ ಮಡಿಚಿ. ಒಂದು ಇಂಚಿನ ನಾಲ್ಕು ಪದರದ ಪಟ್ಟಿ ಬರುತ್ತದೆ. ಇಸ್ತ್ರಿ ಗಟ್ಟಿಯಾಗಿ ಒತ್ತಿ, ಎರಡೂ ಅಂಚಿಗೆ ಒಂದೊಂದು ಸಾಲು, ನಡುವೆ ಎರಡು ಸಾಲು ಹೊಲಿಯಿರಿ.

ಈಗ ಮುಖ್ಯ ಮಾತು. ಹಿಡಿಕೆಯನ್ನು ಬಾಯಿಯ ಹೊಲಿಗೆಯಲ್ಲಿ ಸಿಕ್ಕಿಸಲೇಬೇಡಿ. ಚೀಲದ ಮೈ ಮೇಲೆ ಇಳಿಸಿ. ಅಸ್ತರ್ ಜೋಡಿಸುವ ಮೊದಲೇ ಈ ಕೆಲಸ ಮುಗಿಸಬೇಕು. ತುದಿ ಅರ್ಧ ಇಂಚು ಒಳಗೆ ಮಡಿಚಿ, ಬಾಯಿಯಿಂದ ಮೂರೂವರೆ ಇಂಚು ಕೆಳಗೆ ಇಡಿ. ಅಲ್ಲಿಂದ ಮೇಲಕ್ಕೆ, ಬಾಯಿ ಒಂದು ಇಂಚು ಇರುವಾಗಲೇ ನಿಲ್ಲಿಸಿ. ಈ ಎರಡೂವರೆ ಇಂಚಿನಲ್ಲಿ ಸುತ್ತ ಚೌಕ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಗುಣಿಸು ಚಿಹ್ನೆಯ ಹೊಲಿಗೆ. ಹಿಂದುಗಡೆ ಎರಡು ಇಂಚು ಅಗಲ, ನಾಲ್ಕು ಇಂಚು ಉದ್ದದ ಇನ್ನೊಂದು ಜೀನ್ಸ್ ತುಂಡು ಇಟ್ಟು ಅದನ್ನೂ ಸೇರಿಸಿ ಹೊಲಿಯಿರಿ. ಈಗ ಭಾರ ಒಂದು ಗೆರೆಯ ಮೇಲೆ ಬೀಳುವುದಿಲ್ಲ, ಅಂಗೈಯಷ್ಟು ಜಾಗಕ್ಕೆ ಹಂಚಿ ಹೋಗುತ್ತದೆ. ಹಿಂದಿನ ತುಂಡನ್ನು ಅಸ್ತರ್ ಮುಚ್ಚುತ್ತದೆ, ಯಾರಿಗೂ ಕಾಣುವುದಿಲ್ಲ.

ಈ ಮಾತು ಹೊಸದಲ್ಲ. ಅಮೆರಿಕದಲ್ಲಿ ಜೇಕಬ್ ಡೇವಿಸ್ ಅಂತ ಒಬ್ಬ ಟೈಲರ್ ಇದ್ದ. ದುಡಿಯುವ ಜನರ ಪ್ಯಾಂಟು ಜೇಬಿನ ಮೂಲೆಯಲ್ಲೇ ಹರಿಯುತ್ತಿತ್ತು. ಅವನು ಪ್ಯಾಂಟಿನ ಬಟ್ಟೆ ದಪ್ಪ ಮಾಡಲು ಹೋಗಲಿಲ್ಲ. ಹರಿಯುವ ಮೂಲೆಗೆ ಮಾತ್ರ ತಾಮ್ರದ ರಿವೆಟ್ ಹೊಡೆದ. ಅವನೂ, ಅವನಿಗೆ ಬಟ್ಟೆ ಕೊಡುತ್ತಿದ್ದ ಲೀವೈ ಸ್ಟ್ರಾಸ್ ಕೂಡ ಸೇರಿ 1873ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ನಾವು ಬಳ್ಳಾರಿಯಲ್ಲಿ ಇವತ್ತಿಗೂ ಹೊಡೆಯುವ ರಿವೆಟ್ ಅದೇ ಜಾಗಕ್ಕೆ. ಲೂಪ್ ಮೇಲೆ ಕೂತಾಗ ನಾನು ಎಷ್ಟೋ ಸಲ ಇದನ್ನು ನೆನೆದಿದ್ದೇನೆ. ಭಾರ ಇಳಿಯುವ ಜಾಗ ಹುಡುಕಿ ಅಲ್ಲಿಗೆ ಮಾತ್ರ ಪದರ ಕೊಡಿ. ಉಳಿದ ಕಡೆ ಒಂದೇ ಪದರ ಇರಲಿ. ಆಗ ನಿಮ್ಮ ಮನೆ ಮಷಿನ್ನಿಗೂ ಸುಲಭ.

ಹಾಗಾಗಿ ಬಕ್ರಂ ಬೇಡವೇ ಬೇಡ. ಅದು ಕಾಲರಿಗೆ, ಕೊರಳಿಗೆ. ದಿನಾ ಮಡಿಚಿ ಬಿಚ್ಚಿ ತೊಳೆಯುವ ಚೀಲದಲ್ಲಿ ಅದು ಒಡೆದು ಗಂಟಾಗುತ್ತದೆ.

ಅಸ್ತರಿನ ವಿಷಯ. ಯೂನಿಟ್ಟಿನಿಂದ ಬರುವ ತುಂಡು ನೀರನ್ನೇ ನೋಡಿರುವುದಿಲ್ಲ. ನಾವು ಪ್ಯಾಂಟನ್ನು ಹೊಲಿದ ಮೇಲೆ ವಾಷಿಂಗಿಗೆ ಕಳಿಸುತ್ತೇವೆ. ಅಲ್ಲಿಯವರೆಗೆ ಬಟ್ಟೆಯಲ್ಲಿ ಗಂಜಿ ಇರುತ್ತದೆ. ನಿಮಗೆ ರಟ್ಟಿನ ಹಾಗೆ ಅನಿಸಿದ್ದು ಆ ಗಂಜಿಯಿಂದಲೇ. ನೀವು ತೊಳೆದಾಗ ಗಂಜಿ ಹೋಯಿತು, ಜೀನ್ಸ್ ಕುಗ್ಗಿತು. ಅಸ್ತರ್ ಅಷ್ಟು ಕುಗ್ಗಲಿಲ್ಲ, ಅದಕ್ಕೇ ಒಳಗೆ ದೊಡ್ಡದಾಯಿತು. ಆದ್ದರಿಂದ ಕತ್ತರಿಸುವ ಮೊದಲೇ ಎರಡೂ ಬಟ್ಟೆ ಬೇರೆ ಬೇರೆ ಬಕೆಟ್ಟಿನಲ್ಲಿ ಬಿಸಿನೀರಿಗೆ ಹಾಕಿ. ಜೀನ್ಸನ್ನು ನೀರು ತಿಳಿಯಾಗುವ ತನಕ ಎರಡು ಮೂರು ಸಲ ತೊಳೆಯಿರಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ. ಜೀನ್ಸಿನ ನೀಲಿ ಬಣ್ಣ ಇಂಡಿಗೋ, ಅದಕ್ಕೆ ಉಪ್ಪು ಉಪಯೋಗಕ್ಕೆ ಬರುವುದಿಲ್ಲ. ಈ ಬಣ್ಣ ಎಳೆಯ ಒಳಗೆ ಇಳಿಯುವುದಿಲ್ಲ, ಮೇಲೆ ಮೇಲೆ ಕೂತಿರುತ್ತದೆ. ಸಡಿಲ ಇರುವುದನ್ನು ತೊಳೆದು ತೆಗೆಯುವುದೊಂದೇ ದಾರಿ.

ಸೂಜಿಗೆ ಬಂದರೆ, ಮೈದುನ ತಂದಿದ್ದು ಡಿಬಿ×1 ಸೂಜಿ ಇರಬೇಕು. ಅದರ ಬುಡ ದುಂಡಗಿರುತ್ತದೆ. ಮನೆ ಮಷಿನ್ನಿಗೆ ಬುಡ ಒಂದು ಕಡೆ ಚಪ್ಪಟೆ ಇರುವ ಎಚ್‌ಎ×1 ಬೇಕು. ಅಂಗಡಿಯಲ್ಲಿ ಎಚ್‌ಎ×1, 16 ನಂಬರ್ ಅಂತ ಕೇಳಿ. ಬ್ಲೌಸಿಗೆ ಹಾಕುವ 11 ಅಥವಾ 14 ಇದಕ್ಕೆ ಸಾಲದು. ದಾರದಲ್ಲಿ ನಂಬರ್ ಕಡಿಮೆ ಆದಷ್ಟು ದಪ್ಪ ಜಾಸ್ತಿ ಅನ್ನುವುದು ನೆನಪಿರಲಿ. ದಪ್ಪ ದಾರ ಮೇಲೆ ಹಾಕಿ ಪರವಾಗಿಲ್ಲ, ಬಾಬಿನ್ನಿಗೆ ಮಾಮೂಲಿ ದಾರವೇ ಇರಲಿ.

ಮೂಲೆಯ ದಪ್ಪ ದಾಟುವ ಬಗೆ ನಾಳೆ ಬರೆಯುತ್ತೇನೆ, ಈಗ ಕರೆಂಟ್ ಹೋಗಿದೆ.

---

ಕೌದಿ ಮೊಮ್ಮಗಳು, ಕೊಪ್ಪಳ

ಮಾಸ್ಟರ್ ಅಣ್ಣ ಹೇಳಿದ್ದೆಲ್ಲ ಬರೆದಿಟ್ಟುಕೊಂಡೆ. ಅಸ್ತರಿನ ಬಗ್ಗೆ ನನ್ನದೊಂದು ಮಾತು ಸೇರಿಸುತ್ತೇನೆ ಅಕ್ಕಾ.

ಬ್ಲೌಸ್ ಲೈನಿಂಗ್ ಬಟ್ಟೆ ಕಾಯಿಪಲ್ಲೆ ಚೀಲಕ್ಕೆ ಬಹಳ ತೆಳು. ನುಗ್ಗೆಕಾಯಿ ತುದಿ ಚುಚ್ಚಿದರೆ ಸಾಕು, ತೂತು. ನಾನು ನಮ್ಮ ಅಜ್ಜಿಯ ಇಳಕಲ್ ಸೀರೆ ಹಾಕಿದ್ದೆ. ಮನೆಯಲ್ಲಿ ಹಳೇ ಕಾಟನ್ ಇಳಕಲ್ ಇದ್ದರೆ ಎಸೆಯಬೇಡಿ. ಆದರೆ ಸುಮ್ನೆ ಕತ್ತರಿ ಹಾಕಬೇಡಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಕೂತು ಕೂತು ಸವೆದ ಜಾಗ ಸೊಳ್ಳೆ ಪರದೆಯ ಹಾಗೆ ಕಾಣುತ್ತದೆ, ಅದನ್ನು ಬಿಡಿ. ನೆರಿಗೆಯ ಒಳಗಿನ ಭಾಗ, ದಡಿಯ ಪಕ್ಕದ ಭಾಗ ಗಟ್ಟಿ ಇರುತ್ತದೆ. ಸೆರಗು ಮತ್ತು ಮೈ ಸೇರುವ ಜಾಗವನ್ನೂ ಬಿಡಿ. ಇಳಕಲ್ಲಿನಲ್ಲಿ ಸೆರಗಿನ ಹಾಸು ಬೇರೆ, ಮೈಯ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಹಳೇ ಸೀರೆಯಲ್ಲಿ ಆ ಗೆರೆಯೇ ಮೊದಲು ಬಿಟ್ಟುಕೊಳ್ಳುತ್ತದೆ.

ಒಂದು ಪದರ ಸಾಲದು ಅನಿಸಿದರೆ ಕೌದಿಯ ಹಾಗೆ ಮಾಡಿ. ಮೂರು ಪದರ ಹಾಸಿ, ಅಂಚಿನಿಂದ ಒಳಕ್ಕೆ ಕೈಯಲ್ಲೇ ಉದ್ದುದ್ದ ಹೊಲಿಗೆ. ಸಾಲಿಗೂ ಸಾಲಿಗೂ ಅರ್ಧ ಬೆರಳು ಅಂತರ. ನಮ್ಮ ಅಜ್ಜಿ ಇದನ್ನು ಮಧ್ಯಾಹ್ನ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹೊಲಿಯುತ್ತಿದ್ದರು. ದಾರದ ತುದಿ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡುವ ಸದ್ದು ಇನ್ನೂ ಕಿವಿಯಲ್ಲಿದೆ. ಹೀಗೆ ಹೊಲಿದ ಅಸ್ತರಿಗೆ ಬಕ್ರಂ ಇಲ್ಲದೇ ಮೈ ಬರುತ್ತದೆ, ಎಷ್ಟು ತೊಳೆದರೂ ಗಂಟಾಗುವುದಿಲ್ಲ. ನನ್ನ ಪುಸ್ತಕದ ಚೀಲಕ್ಕೆ ನಾಲ್ಕನೇ ವರ್ಷ ಇದು.

ಬಣ್ಣ ಆದಷ್ಟು ತಿಳಿ ಇರಲಿ. ಕಪ್ಪು ಅಸ್ತರಿನೊಳಗೆ ಬೀಗದ ಕೈ ಹುಡುಕುವುದು ಕಷ್ಟ.

---

ತುಂಗಭದ್ರಾ ಎಡದಂಡೆ, ಸಿಂಧನೂರು

ನಾನು ಒಂದು ಬೇರೆ ಮಾತು ಹೇಳುತ್ತೇನೆ, ಬೇಸರ ಬೇಡ. ಕಾಯಿಪಲ್ಲೆ ಚೀಲಕ್ಕೆ ಅಸ್ತರ್ ಬೇಕೇ ಬೇಕಾ? ಉಳ್ಳಾಗಡ್ಡಿ ಸಿಪ್ಪೆ, ಮೆಂತ್ಯ ಸೊಪ್ಪಿನ ಬೇರಿನ ಮಣ್ಣು ಎಲ್ಲಾ ಮೂಲೆಗೆ ಹೋಗಿ ಕೂರುತ್ತದೆ. ಒದ್ದೆ ಕೊತ್ತಂಬರಿ ಇಟ್ಟರೆ ಅಸ್ತರ್ ಮತ್ತು ಜೀನ್ಸಿನ ನಡುವೆ ನೀರು ನಿಂತು ವಾಸನೆ ಬರುತ್ತದೆ. ನಾನು ಮಾರುಕಟ್ಟೆ ಚೀಲಕ್ಕೆ ಅಸ್ತರ್ ಹಾಕುವುದಿಲ್ಲ. ಜೀನ್ಸ್ ಪ್ಯಾಂಟಿನ ಕಾಲಿನ ಹೊಲಿಗೆ ನೋಡಿದ್ದೀರಲ್ಲ, ಎರಡೂ ಅಂಚು ಒಂದರೊಳಗೊಂದು ಮಡಿಚಿ ಎರಡು ಸಾಲು ಹೊಲಿದಿರುತ್ತಾರೆ. ಹಾಗೆ ಹೊಲಿದರೆ ಎಳೆ ಬಿಡುವುದಿಲ್ಲ, ಒಳಗೂ ಅಚ್ಚುಕಟ್ಟು.

ತಳದ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಕಡೆ ಭತ್ತದ ಊರು, ಮನೆ ತುಂಬಾ 25 ಕೆಜಿ ಅಕ್ಕಿ ಚೀಲ. ಮೊದಲು ಅದನ್ನೇ ಕತ್ತರಿಸಿ ತಳದಲ್ಲಿ ಇಟ್ಟು ಹೊಲಿದೆ. ಎರಡು ತಪ್ಪು ಆಯಿತು. ಒಂದು, ಅದರ ಮೇಲೆ ಇಸ್ತ್ರಿ ಇಟ್ಟೆ, ಕರಗಿ ಪೆಟ್ಟಿಗೆಗೆ ಅಂಟಿತು. ಎರಡು, ಹೊಲಿಗೆಯ ಸಾಲಿನಲ್ಲೇ ಸೀಳಿತು. ಈಗ ಹೊಲಿಯುವುದಿಲ್ಲ. ಹಳೇ ಫ್ಲೆಕ್ಸ್ ಬ್ಯಾನರಿನ ತುಂಡನ್ನು ತಳದ ಅಳತೆಗೆ ಎರಡು ಪದರ ಕತ್ತರಿಸಿ, ಅಂಚು ದುಂಡಗೆ ಮಾಡಿ ಸುಮ್ನೆ ಒಳಗೆ ಇಡುತ್ತೇನೆ. ತೊಳೆಯುವಾಗ ತೆಗೆದರಾಯಿತು. ಮಣ್ಣೂ ಅದರ ಮೇಲೇ ಉಳಿಯುತ್ತದೆ, ಕೊಡವಿದರೆ ಹೋಯಿತು.

---

ಲೂಪ್ ಮಾಸ್ಟರ್, ಬಳ್ಳಾರಿ

ಸಿಂಧನೂರಿನ ತಮ್ಮ ಹೇಳಿದ್ದರಲ್ಲಿ ಸತ್ಯ ಇದೆ. ಆದರೆ ಕಾಲಿನ ಆ ಹೊಲಿಗೆಗೆ ಯೂನಿಟ್ಟಿನಲ್ಲಿ ಬೇರೆಯೇ ಮಷಿನ್ ಇರುತ್ತದೆ. ಮನೆ ಮಷಿನ್ನಿನಲ್ಲಿ ಪಕ್ಕದ ಹೊಲಿಗೆಗೆ ಮಾಡಬಹುದು, ತಳದ ಮೂಲೆಗೆ ಬಂದಾಗ ಪದರ ಪದರ ಸೇರಿ ಸೂಜಿ ನಿಂತೇ ಹೋಗುತ್ತದೆ. ತಂಗಿ ಅಸ್ತರ್ ಹಾಕಬೇಕು ಅಂತ ಆಸೆ ಪಟ್ಟಿದ್ದಾಳೆ, ಹಾಕಲಿ. ಮಣ್ಣಿಗೆ ಒಂದು ದಾರಿ ಇದೆ, ಕೊನೆಗೆ ಹೇಳುತ್ತೇನೆ.

ಅಳತೆ ಹೀಗೆ ಇಟ್ಟುಕೊಳ್ಳಿ. ಜೀನ್ಸ್ ಎರಡು ತುಂಡು, 17 ಇಂಚು ಅಗಲ, 17 ಇಂಚು ಉದ್ದ. ಅಸ್ತರೂ ಅಷ್ಟೇ. ಕೆಳಗಿನ ಎರಡೂ ಮೂಲೆಯಲ್ಲಿ ಎರಡು ಇಂಚಿನ ಚೌಕ ಕತ್ತರಿಸಿ ತೆಗೆಯಿರಿ. ಎಲ್ಲಾ ಕಡೆ ಅರ್ಧ ಇಂಚು ಹೊಲಿಗೆಗೆ ಬಿಟ್ಟರೆ, ತಳ 12 ಇಂಚು ಉದ್ದ, ನಾಲ್ಕು ಇಂಚು ಅಗಲ, ಎತ್ತರ 14 ಇಂಚು ಬರುತ್ತದೆ. ಎಷ್ಟು ಇಂಚಿನ ಚೌಕ ತೆಗೆಯುತ್ತೀರೋ ಅದರ ಎರಡರಷ್ಟು ತಳದ ಅಗಲ. ಮೊದಲು ಪಕ್ಕ, ಆಮೇಲೆ ತಳ, ಕೊನೆಗೆ ಮೂಲೆಯನ್ನು ಚಪ್ಪಟೆ ಮಾಡಿ ಪಕ್ಕದ ಹೊಲಿಗೆಯ ಮೇಲೆ ತಳದ ಹೊಲಿಗೆ ಬರುವ ಹಾಗೆ ಕೂರಿಸಿ ಹೊಲಿಯಿರಿ. ಜೀನ್ಸಿನ ಈ ಎಲ್ಲಾ ಹೊಲಿಗೆ ಎರಡೆರಡು ಸಾಲು, ಒಂದರ ಪಕ್ಕ ಒಂದು. ಒಂದರ ಮೇಲೆ ಒಂದು ಬೇಡ.

ನಿಮ್ಮ ಸೂಜಿ ಮುರಿದಿದ್ದು ಈ ಮೂಲೆಯಲ್ಲೇ. ಪಕ್ಕದ ಹೊಲಿಗೆಯ ಅಂಚನ್ನು ಒಂದು ಬದಿಗೆ, ತಳದ ಹೊಲಿಗೆಯ ಅಂಚನ್ನು ಇನ್ನೊಂದು ಬದಿಗೆ ಮಲಗಿಸಿ, ಆಗ ಎಲ್ಲಾ ಒಂದೇ ಕಡೆ ಗುಡ್ಡೆ ಆಗುವುದಿಲ್ಲ. ದಪ್ಪದ ಜಾಗವನ್ನು ಹಲಗೆಯ ಮೇಲಿಟ್ಟು ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಕೊಡಿ. ಯೂನಿಟ್ಟಿನಲ್ಲಿ ನಾವು ಎದ್ದ ಕೂಡಲೇ ಕೇಳುತ್ತಿದ್ದ ಸದ್ದೇ ಅದು. ಆಮೇಲೆ ಒಣ ಸೋಪಿನ ತುಂಡನ್ನು ಆ ಗೆರೆಯ ಮೇಲೆ ಎರಡು ಸಲ ಉಜ್ಜಿ, ಸೂಜಿ ಜಾರಿಕೊಂಡು ಇಳಿಯುತ್ತದೆ. ಬಟ್ಟೆ ಒತ್ತಿ ಹಿಡಿಯುವ ಫುಟ್ ದಪ್ಪಕ್ಕೆ ಹತ್ತುವಾಗ ಮುಂದೆ ಎದ್ದು ಹಿಂದೆ ತಗ್ಗಾಗುತ್ತದೆ. ಆಗ ಒಂದು ಜೀನ್ಸ್ ಚೂರನ್ನು ಮಡಿಚಿ ಫುಟ್ಟಿನ ಹಿಂದೆ ಕೆಳಗೆ ಕೊಡಿ, ಸಮ ಆಗುತ್ತದೆ. ಮೋಟರ್ ಬೇಡ. ಆ ಎರಡು ಇಂಚು ಮಾತ್ರ ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಅಸ್ತರ್ ಹೊಲಿಯುವಾಗ ಬಾಯಿಯ ಹತ್ತಿರ ಅರ್ಧ ಇಂಚಿನಿಂದ ಶುರು ಮಾಡಿ, ಕೆಳಗೆ ಬರುತ್ತಾ ಬರುತ್ತಾ ಇನ್ನು ಸ್ವಲ್ಪ ಒಳಕ್ಕೆ ಸರಿಯಿರಿ. ತಳಕ್ಕೆ ಬರುವಾಗ ಮುಕ್ಕಾಲು ಇಂಚು ಸಮೀಪ ಇರಲಿ. ಆಗ ಅಸ್ತರ್ ಒಳಗೆ ಮುದುರದೆ ಕೂರುತ್ತದೆ. ಆದರೆ ಒಂದು ಮಾತು ಮರೆಯಬೇಡಿ. ಅಗಲ ಕಡಿಮೆ ಮಾಡಿ, ಉದ್ದ ಮಾತ್ರ ಕಡಿಮೆ ಮಾಡಬೇಡಿ. ಅಸ್ತರ್ ಗಿಡ್ಡ ಆದರೆ ಅದು ಜೀನ್ಸಿನ ತಳ ಮುಟ್ಟುವುದಿಲ್ಲ. ಸಾಮಾನೆಲ್ಲ ಆ ತೆಳು ಬಟ್ಟೆಯಲ್ಲಿ ಜೋತಾಡುತ್ತದೆ, ಬಾಯಿಯ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಅಸ್ತರ್ ತಳಕ್ಕೆ ಕೂತಿರಬೇಕು, ಭಾರ ಜೀನ್ಸ್ ಹೊರಬೇಕು.

ಜೀನ್ಸ್, ಅಸ್ತರಿನ ಬಾಯಿ ಕೂಡಿಸಿ ಹೊಲಿದ ಮೇಲೆ ಚೀಲವನ್ನು ಒಳಗಿನಿಂದ ಹೊರಗೆ ತಿರುಗಿಸಲು ಬಿಡುವ ತೆರಪನ್ನು ಅಸ್ತರಿನ ತಳದಲ್ಲಿ ಬಿಡಬೇಡಿ, ಪಕ್ಕದಲ್ಲಿ ಆರು ಇಂಚು ಬಿಡಿ. ಜೀನ್ಸ್ ಗಟ್ಟಿ, ನಾಲ್ಕು ಇಂಚಿನಲ್ಲಿ ಹೊರಗೆ ಬರುವುದಿಲ್ಲ. ಬಾಯಿ ಹೊಲಿಯುವಾಗ ಹಿಡಿಕೆಗಳನ್ನು ಕೆಳಕ್ಕೆ ಮಡಿಚಿ ಪಿನ್ ಹಾಕಿ, ಸಿಕ್ಕಿಕೊಳ್ಳದಿರಲಿ. ತಿರುಗಿಸಿದ ಮೇಲೆ ಬಾಯಿಗೆ ಸುತ್ತ ಎರಡು ಸಾಲು.

ಈಗ ಮಣ್ಣಿನ ವಿಷಯ. ತಿರುಗಿಸುವ ಮೊದಲು ಎರಡು ಇಂಚಿನ ಒಂದು ಲಾಡಿಯ ತುಂಡು ತೆಗೆದುಕೊಂಡು, ಒಂದು ತುದಿ ಜೀನ್ಸಿನ ತಳದ ಮೂಲೆಗೆ, ಇನ್ನೊಂದು ತುದಿ ಅಸ್ತರಿನ ತಳದ ಮೂಲೆಗೆ ಹೊಲಿಯಿರಿ. ಎರಡೂ ಮೂಲೆಗೆ ಹೀಗೆ. ಇನ್ನು ಮುಂದೆ ಅಸ್ತರ್ ತಾನಾಗಿ ಹೊರಗೆ ಬರುವುದಿಲ್ಲ. ಆದರೂ ಕೊಡವಲು, ಒಣಗಿಸಲು ಎಳೆದರೆ ಎರಡು ಇಂಚು ಮೇಲೆದ್ದು ಗಾಳಿ ಆಡುತ್ತದೆ.

---

ಬ್ಲೌಸ್ ಹೊಲಿಯುವಾಕೆ, ಬಳ್ಳಾರಿ

ಒಂಬತ್ತು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಮದುವೆ ಸೀಸನ್, ಬ್ಲೌಸುಗಳು ಮುಗಿಯದೆ ಇದಕ್ಕೆ ಕೂರಲು ಆಗಲಿಲ್ಲ.

ಎಳೆ ಎಳೆದು ನೋಡಿದೆ ಅಣ್ಣಾ. ನನ್ನ ಮೊದಲನೇ ಹಿಡಿಕೆಯಲ್ಲಿ ಉದ್ದಕ್ಕೆ ಬಿಳಿ ಎಳೆ ಓಡುತ್ತಿತ್ತು. ಇಷ್ಟು ವರ್ಷ ಬಳ್ಳಾರಿಯಲ್ಲಿದ್ದು ಇದು ಗೊತ್ತಿರಲಿಲ್ಲ. ಮೈದುನನಿಗೂ ತೋರಿಸಿದೆ.

ಜೀನ್ಸನ್ನು ನಾಲ್ಕು ಸಲ ತೊಳೆದೆ, ನಾಲ್ಕನೇ ಬಕೆಟ್ಟಿಗೆ ನೀರು ತಿಳಿ ಆಯಿತು. ತೊಳೆಯುವ ಮೊದಲು ಹತ್ತು ಇಂಚಿನ ಗುರುತು ಹಾಕಿದ್ದೆ. ಒಣಗಿದ ಮೇಲೆ ನೀಲಿ ಎಳೆಯ ಕಡೆ ಒಂಬತ್ತೂವರೆಗೂ ಸ್ವಲ್ಪ ಕಡಿಮೆ! ಅಸ್ತರ್ ಸಡಿಲ ಆಗದೆ ಏನು ಮಾಡೀತು.

ಅಸ್ತರಿಗೆ ಅತ್ತೆಯ ಹಳೇ ಇಳಕಲ್ ಕೇಳಿದೆ. ಟ್ರಂಕಿನಿಂದ ತೆಗೆದುಕೊಟ್ಟರು. ಬೆಳಕಿಗೆ ಹಿಡಿದು ಇಬ್ಬರೂ ಕೂತು ಗಟ್ಟಿ ಜಾಗ ಹುಡುಕಿದೆವು. ಮೂರು ಪದರ ಕೌದಿ ಹೊಲಿಗೆ ಅತ್ತೆಯೇ ಹಾಕಿದರು. ನನಗಿಂತ ನೇರ ಸಾಲು. ಒಳಗಡೆ ದಡಿ ಬರುವ ಹಾಗೆ ಒಂದು ಕಿಸೆ ಇಟ್ಟೆ, ಚಿಲ್ಲರೆ ಮತ್ತು ಫೋನಿಗೆ.

16 ನಂಬರ್ ಸೂಜಿಯಲ್ಲಿ ಇಡೀ ಚೀಲ ಮುಗಿಯಿತು, ಒಂದೂ ಮುರಿಯಲಿಲ್ಲ. ಸೋಪು ಉಜ್ಜುವುದು ಬಹಳ ಉಪಯೋಗಕ್ಕೆ ಬಂತು. ಹಿಡಿಕೆಯ ಚೌಕ ನಾಲ್ಕರಲ್ಲಿ ಒಂದು ಸ್ವಲ್ಪ ಸೊಟ್ಟ ಇದೆ, ಬಿಚ್ಚಲಿಲ್ಲ.

ಕೊಡುವ ಮೊದಲು ಪರೀಕ್ಷೆ ಮಾಡಬೇಕು ಅನಿಸಿತು. ಎರಡು ಲೀಟರಿನ ನಾಲ್ಕು ಬಾಟಲಿ ನೀರು ತುಂಬಿಸಿ ಚೀಲದಲ್ಲಿಟ್ಟು, ತೊಟ್ಟಿಲು ಕಟ್ಟುವ ಕೊಕ್ಕೆಗೆ ರಾತ್ರಿ ಪೂರ್ತಿ ತೂಗು ಹಾಕಿದೆ. ಎಂಟು ಕೆಜಿ. ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡಿದೆ. ಹೊಲಿಗೆ ಒಂದೂ ಅಲುಗಿರಲಿಲ್ಲ. ಅತ್ತೆ ಐದು ದಿನದಿಂದ ಒಯ್ಯುತ್ತಿದ್ದಾರೆ. ನಿನ್ನೆ ಎರಡು ಕೆಜಿ ಉಳ್ಳಾಗಡ್ಡಿ, ಬದನೆಕಾಯಿ, ಒಂದು ಕುಂಬಳಕಾಯಿಯ ಹೋಳು, ಎಲ್ಲಾ ಬಂತು.

ಒಂದೇ ತೊಂದರೆ. ಅತ್ತೆ ಗಿಡ್ಡ. ಕೈಯಲ್ಲಿ ಹಿಡಿದರೆ ಚೀಲದ ತಳ ನೆಲಕ್ಕೆ ಸ್ವಲ್ಪದರಲ್ಲಿ ಮುಟ್ಟುತ್ತದೆ, ಮೆಟ್ಟಿಲು ಹತ್ತುವಾಗ ಬಡಿಯುತ್ತದೆ. ಹಿಡಿಕೆ ಮೂರು ಇಂಚು ಕಡಿಮೆ ಮಾಡಬೇಕು. ಆ ಚೌಕದ ಹೊಲಿಗೆ ಬಿಚ್ಚಲು ಮನಸ್ಸಿಲ್ಲ. ಬೇರೆ ದಾರಿ ಇದೆಯಾ?

---

ಲೂಪ್ ಮಾಸ್ಟರ್, ಬಳ್ಳಾರಿ

ಓದಿ ಬಹಳ ಸಂತೋಷ ಆಯಿತು ತಂಗೀ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.

ಚೌಕ ಬಿಚ್ಚಬೇಡಿ. ಒಂದು ಸಲ ಬಿಚ್ಚಿದ ಜಾಗದಲ್ಲಿ ತೂತು ಹಾಗೇ ಉಳಿಯುತ್ತದೆ. ಹಿಡಿಕೆಯ ನಟ್ಟನಡುವೆ ಒಂದೂವರೆ ಇಂಚಿನ ಮಡಿಕೆ ಹಾಕಿ ಒಂದು ಬದಿಗೆ ಮಲಗಿಸಿ. ಮೂರು ಇಂಚು ಕಡಿಮೆ ಆಗುತ್ತದೆ. ಅಲ್ಲಿ ಹನ್ನೆರಡು ಪದರ ಸೇರುತ್ತದೆ, ಮಷಿನ್ನಿಗೆ ಕೊಡಬೇಡಿ. ಗೋಣಿಚೀಲ ಹೊಲಿಯುವ ದಬ್ಬಣ ತೆಗೆದುಕೊಂಡು, ದಪ್ಪ ದಾರ ಎರಡೆಳೆ ಮಾಡಿ, ಮೇಣ ಉಜ್ಜಿ ಕೈಯಲ್ಲೇ ಹೊಲಿಯಿರಿ. ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ. ಆಮೇಲೆ ಉಳಿದ ಇಳಕಲ್ ದಡಿಯನ್ನು ಅದರ ಮೇಲೆ ಬಿಗಿಯಾಗಿ ಸುತ್ತಿ, ತುದಿ ಒಳಗೆ ಸೇರಿಸಿ ಹೊಲಿದುಬಿಡಿ. ಬೆರಳು ಹಿಡಿಯುವುದು ಅದೇ ಜಾಗದಲ್ಲಿ, ಅಂಗೈಗೆ ಮೆತ್ತಗಿರುತ್ತದೆ. ಎರಡೂ ಹಿಡಿಕೆಯ ಮಡಿಕೆ ಎದುರು ಬದುರು ಮಲಗಲಿ, ಜೊತೆಗೆ ಹಿಡಿದಾಗ ಒಂದರ ಮೇಲೆ ಒಂದು ಗುಬ್ಬಿ ಆಗುವುದಿಲ್ಲ.

---

ಬ್ಲೌಸ್ ಹೊಲಿಯುವಾಕೆ, ಬಳ್ಳಾರಿ

ದಬ್ಬಣ ಅತ್ತೆಯ ಹತ್ತಿರವೇ ಇದೆಯಂತೆ. ಸಂಜೆ ಕೂರುತ್ತೇವೆ ಅಣ್ಣಾ.